ಸುದ್ದಿ ಇಲ್ಲ, ವಿಚಾರಿಸಿ

"ಗಿರಿಧರ ಭಟ್ ಅನ್ನೋರು ಯಾರು?"

ಕೇಳಿದವಳು ಬಾಗಿಲಲ್ಲೇ ನಿಂತಿದ್ದಳು. ಚಪ್ಪಲಿ ಬಿಟ್ಟಿರಲಿಲ್ಲ. ತೀರ್ಥಹಳ್ಳಿಯಿಂದ ಸಾಗರದವರೆಗಿನ ಬಸ್ಸಿನ ಧೂಳು ಮುಖದ ಮೇಲಿತ್ತು. ಕೂದಲನ್ನು ಸುತ್ತಿ, ನೀಲಿ ಪೆನ್ನೊಂದನ್ನು ಸಿಕ್ಕಿಸಿಕೊಂಡಿದ್ದಳು.

ಔಷಧಿ ಅಂಗಡಿಯ ಮೇಲಿನ ಆ ಸಣ್ಣ ಆಫೀಸಿನಲ್ಲಿ ಇದ್ದದ್ದು ಒಬ್ಬನೇ. ಅವನು ಟೀ ಲೋಟ ಕೆಳಗಿಟ್ಟು ಎದ್ದ.

"ನಾನೇ. ನೀವು?"

"ಮೇಲ್ ಮಾಡ್ತೀನಲ್ಲ, ನೀವು ಉತ್ತರ ಕೊಡಲ್ವಲ್ಲ, ಅದೇ ಶ್ರಾವ್ಯಾ. ಡಯಾಲಿಸಿಸ್ ವ್ಯಾನಿನೋಳು."

"ಓ, ಕೂತ್ಕೊಳ್ಳಿ. ಟೀ..."

"ಟೀ ಕುಡಿಯೋಕೆ ಮೂರು ಗಂಟೆ ಬಸ್ಸಲ್ಲಿ ಬರಲಿಲ್ಲ ನಾನು."

ತೀರ್ಥಹಳ್ಳಿಯ ಒಂದು ಟ್ರಸ್ಟಿನಲ್ಲಿ ಅವಳ ಕೆಲಸ. ಸುತ್ತಲಿನ ಊರುಗಳ ರೋಗಿಗಳನ್ನು, ಒಬ್ಬೊಬ್ಬರನ್ನು ವಾರಕ್ಕೆರಡು ದಿನದಂತೆ, ವ್ಯಾನಿನಲ್ಲಿ ಕರೆತಂದು, ಡಯಾಲಿಸಿಸ್ ಮುಗಿಸಿ, ಮತ್ತೆ ಮನೆ ಮುಟ್ಟಿಸುವುದು. ಮೊದಲು ಎಲ್ಲ ಅವಳ ನೋಟ್‌ಬುಕ್ಕಿನಲ್ಲಿ ನಡೆಯುತ್ತಿತ್ತು. ರೋಗಿಗಳು ನಲವತ್ತು ದಾಟಿದ ಮೇಲೆ ಗಿರಿಧರನ ಆ್ಯಪ್ ಬಂತು. ಹಿಂದಿನ ದಿನ ಸಂಜೆಯೊಳಗೆ ರೋಗಿಯ ಮನೆಯವರು 'ಬರ್ತೀನಿ' ಎಂಬ ಬಟನ್ ಒತ್ತಬೇಕು. ಒತ್ತಿದವರ ಪಟ್ಟಿ ಡ್ರೈವರ್‌ಗೆ ಹೋಗುತ್ತದೆ. ಪಟ್ಟಿಯಲ್ಲಿಲ್ಲದ ಊರಿಗೆ ವ್ಯಾನ್ ಹೋಗುವುದಿಲ್ಲ.

ನಿಟ್ಟೂರಿನಿಂದಾಚೆ ಕಾಡಂಚಿನಲ್ಲಿರುವ ಯಮುನಮ್ಮ ಸೋಮವಾರ ಬಟನ್ ಒತ್ತಿದ್ದರು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಮಂಗಳವಾರ ವ್ಯಾನ್ ಹೋಗಲಿಲ್ಲ. ಗುರುವಾರ ಉಸಿರು ಸಿಕ್ಕದೆ ಒದ್ದಾಡುತ್ತಿದ್ದ ಅವರನ್ನು ಗೂಡ್ಸ್ ಆಟೋದ ಹಿಂದೆ ಮಲಗಿಸಿಕೊಂಡು ಬರಬೇಕಾಯಿತು.

"ಮೂರು ದಿನ ಐಸಿಯುನಲ್ಲಿದ್ರು. ಇನ್ನೊಂದು ಸಲ ತಪ್ಪಿದ್ರೆ ಉಳಿಯಲ್ಲ ಅಂತ ಡಾಕ್ಟರ್ ಹೇಳಿದಾರೆ. ಈಗ ಹೇಳಿ, ಅವರು ಒತ್ತಿದ್ದು ಎಲ್ಲಿಗೆ ಹೋಯ್ತು?"

ಗಿರಿಧರ ಕಂಪ್ಯೂಟರಿನ ಮುಂದೆ ಕೂತ. ಪರದೆಯ ಮೇಲೆ ಸಾಲು ಸಾಲು ಅಕ್ಷರಗಳು ಓಡಿದವು. ಒಂದು ಕೆಂಪು ಸಾಲಿನ ಮೇಲೆ ಬೆರಳಿಟ್ಟ.

"ಇಲ್ಲಿದೆ!"

ಕಳೆದುಹೋದದ್ದು ಸಿಕ್ಕಿತೆಂಬ ಸಂತೋಷ ಅವನ ದನಿಯಲ್ಲಿತ್ತು. ಅದೇ ಅವನು ಮಾಡಿದ ತಪ್ಪು.

"ಸೋಮವಾರ ಸಂಜೆ ಐದು ನಲವತ್ತೆರಡು. ಅವರು ಒತ್ತಿದ್ದು ಬಂದಿದೆ, ಆದ್ರೆ ಆಗ ಪಟ್ಟಿ ಮಾಡೋ ನಮ್ಮ ಸರ್ವರ್ ಎರಡು ನಿಮಿಷ ನಿಂತಿತ್ತು. ಲಾಗಲ್ಲಿ ಸರಿಯಾಗಿ ಬರೆದಿದೆ ನೋಡಿ."

"ಲಾಗ್ ಅಂದ್ರೆ?"

"ಆ್ಯಪ್ ಬರೆದಿಡೋ ಡೈರಿ ಇದ್ದ ಹಾಗೆ. ಎಂತ ಮಾಡ್ತು, ಎಲ್ಲಿ ತಪ್ಪಾಯ್ತು, ಎಲ್ಲಾ ಬರೆದಿರತ್ತೆ."

"ಅದನ್ನ ಯಾರು ಓದ್ತಾರೆ?"

ಫ್ಯಾನ್ ಕಿರುಗುಟ್ಟುತ್ತಾ ತಿರುಗಿತು. ಅವನು ಪರದೆಯಿಂದ ಬೆರಳು ತೆಗೆದ.

"ಅಂದ್ರೆ ನಿಮ್ಮ ಆ್ಯಪಿಗೆ ಗೊತ್ತಿತ್ತು. ಒಬ್ಬರು ಕರೀತಿದಾರೆ, ವ್ಯಾನ್ ಹೋಗಲ್ಲ ಅಂತ ಗೊತ್ತಿತ್ತು. ಯಾರಿಗೂ ಒಂದು ಮಾತು ಹೇಳದೆ ಡೈರಿ ಬರೀತಾ ಕೂತಿತ್ತು. ಮಾಡಿದೋರ ಗುಣವೇ ಬಂದಿದೆ ಅದಕ್ಕೆ."

ಅವನ ಕಿವಿಗಳು ತುದಿಯಿಂದ ಶುರುವಾಗಿ ಪೂರ್ತಿ ಕೆಂಪಾದವು. ಅಷ್ಟು ಕೋಪದಲ್ಲೂ ಅದು ತನ್ನ ಕಣ್ಣಿಗೆ ಬಿದ್ದದ್ದಕ್ಕೆ ಶ್ರಾವ್ಯಾಗೆ ಇನ್ನಷ್ಟು ಕೋಪ ಬಂತು.

"ಅಲರ್ಟ್ ಹಾಕ್ತೀನಿ," ಅಂದ. "ಇನ್ನು ಮುಂದೆ ಲಾಗಲ್ಲಿ ತಪ್ಪು ಬಿದ್ದ ಕೂಡಲೇ ನಿಮ್ಮ ಫೋನಿಗೆ ಮೆಸೇಜ್ ಬರತ್ತೆ."

"ಎಲ್ಲಾ ತಪ್ಪೂ?"

"ಎಲ್ಲಾ ತಪ್ಪೂ."

ಮಾತಿಗೆ ತಪ್ಪಲಿಲ್ಲ ಪುಣ್ಯಾತ್ಮ. ಮೂರನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಶ್ರಾವ್ಯಾಳ ಫೋನಿಗೆ ನೂರಾ ಮೂವತ್ತೇಳು ಮೆಸೇಜ್ ಬಂದಿದ್ದವು. ಎಲ್ಲ ಇಂಗ್ಲಿಷ್. ಒಂದೂ ಮನುಷ್ಯರ ಮಾತಿನ ಹಾಗಿರಲಿಲ್ಲ. ಅವಳು ಫೋನ್ ಮಾಡಿದಳು.

"ಇದೆಂತ ಮಾರಾಯ್ರೆ? ನನ್ನ ಫೋನ್ ಜ್ವರ ಬಂದೋರ ಹಾಗೆ ನಡುಗ್ತಾ ಇದೆ."

"ಎಲ್ಲಾ ತಪ್ಪೂ ಬೇಕು ಅಂದ್ರಲ್ಲ."

"ಬೆಕ್ಕು ಪಾತ್ರೆ ಬೀಳಿಸಿದ್ರೂ ಊರು ಎಬ್ಬಿಸಿ ಅಂದಿರ್ಲಿಲ್ಲ."

ಅವನು ಸುಧಾರಿಸಿದ. ಹತ್ತು ನಿಮಿಷದೊಳಗೆ ಐದು ತಪ್ಪುಗಳು ಬಿದ್ದರೆ ಮಾತ್ರ ಮೆಸೇಜ್ ಬರುವ ಹಾಗೆ ಮಾಡಿದ. ಎರಡು ದಿನ ಫೋನ್ ತಣ್ಣಗಿತ್ತು. ಮೂರನೆಯ ದಿನ, ಮತ್ತೆ ಹನ್ನೊಂದು ಗಂಟೆಗೆ, ರೋಗಿಗಳೆಲ್ಲ ಮಷೀನಿಗೆ ಹತ್ತಿದ ಮೇಲೆ, ಅವಳು ಮತ್ತೆ ಫೋನ್ ಮಾಡಿದಳು.

"ನಿಟ್ಟೂರಿಂದಾಚೆ ನಮ್ಮ ಪೇಷೆಂಟ್ ಎಷ್ಟು ಜನ, ಗೊತ್ತಾ?"

"ಒಬ್ರು. ಯಮುನಮ್ಮ."

"ಅವರೊಬ್ರೇ ಹತ್ತು ನಿಮಿಷದಲ್ಲಿ ಐದು ತಪ್ಪು ಮಾಡ್ಬೇಕಾ ನಿಮಗೆ ಎಚ್ಚರ ಆಗೋಕೆ?"

ಆ ಕಡೆಯಿಂದ ಸಣ್ಣ ದನಿ ಬಂತು. "ಎಲ್ಲಾ ಕಡೆ ಹೀಗೇ ಮಾಡೋದು."

"ಆ ಎಲ್ಲಾ ಕಡೆ ನಮ್ಮ ವ್ಯಾನ್ ಓಡಲ್ಲ. ನಮ್ಮಲ್ಲಿ ಒಂದೊಂದು ಊರಿಗೆ ಒಬ್ಬೊಬ್ಬರು. ಒಂದು ತಪ್ಪಿದ್ರೆ ಒಂದು ಜೀವ. ಐದಕ್ಕೆ ಕಾಯೋಕಾಗಲ್ಲ."

ಹಾಗೆ ಆ ಹನ್ನೊಂದು ಗಂಟೆಯ ಫೋನು ದಿನದ ಕೆಲಸವಾಯಿತು. ಅವನು ಲಾಗಿನ ಕೆಂಪು ಸಾಲುಗಳನ್ನು ಒಂದೊಂದಾಗಿ ಓದುವುದು, ಅವಳು ತೀರ್ಪು ಕೊಡುವುದು.

"ಇದು ಕೋಣಂದೂರಿನ ನಂಬರ್. ಪಾಸ್‌ವರ್ಡ್ ತಪ್ಪು, ಮೂರು ಸಲ."

"ಗಜಾನನ ಮೇಷ್ಟ್ರು. ಕನ್ನಡಕ ಹಾಕ್ಕೊಳ್ದೆ ಒತ್ತುತಾರೆ. ಬಿಡಿ ಅದನ್ನ."

"ನಗರ ಅನ್ನೋ ಊರಿಂದ ಒಂದು. ಹೆಸರಿನ ಜಾಗ ಖಾಲಿ."

"ರಂಗಮ್ಮನ ಮೊಮ್ಮಗು ಆಟ ಆಡಿರತ್ತೆ. ಆದ್ರೂ ಬರ್ಲಿ. ಒಂದು ಫೋನ್ ಮಾಡಿ ಕೇಳೋದ್ರಲ್ಲಿ ನನ್ನ ಗಂಟೇನೂ ಹೋಗಲ್ಲ."

ಮೆಸೇಜು ಕನ್ನಡದಲ್ಲಿರಬೇಕು ಎಂದು ಜಗಳವಾಡಿದಳು. ಯಾರಾದರೂ 'ವಿಚಾರಿಸಿದೆ' ಎಂಬ ಬಟನ್ ಒತ್ತುವ ತನಕ ಅರ್ಧ ಗಂಟೆಗೊಮ್ಮೆ ಮತ್ತೆ ಬರುತ್ತಲೇ ಇರಬೇಕು ಎಂದು ಇನ್ನೊಂದು ದಿನ ಜಗಳವಾಡಿದಳು. ನಿಮಗೆ ಸಾಫ್ಟ್‌ವೇರ್ ಬೇಕೋ ಅತ್ತೆ ಬೇಕೋ ಎಂದು ಅವನು ಕೇಳಿದ. ಅತ್ತೆಯಾದರೂ ಒಂದು ದಿನ ಸುಮ್ಮನಿರುತ್ತಾರೆ, ಇದು ಸುಮ್ಮನಿರಕೂಡದು ಎಂದಳು.

ಒಮ್ಮೆ ಅವನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನ ಅವಳ ಫೋನು ಐದು ನಿಮಿಷ ತಡವಾಯಿತು. ಅವನು ಎತ್ತಿಕೊಳ್ಳುವಾಗ ಹಿಂದಿನಿಂದ ಹೆಂಗಸೊಬ್ಬರು ಹವ್ಯಕರ ಮಾತಿನಲ್ಲಿ ತನ್ನ ಫೋನನ್ನೇ ವಿಚಾರಿಸುವುದು ಅವಳಿಗೆ ಕೇಳಿತು.

"ಹನ್ನೊಂದಾತು ಮಾಣಿ, ಆ ತೀರ್ಥಹಳ್ಳಿ ಕೂಸಿನ ಫೋನು ಇನ್ನೂ ಬಂಜಿಲ್ಯ?"

"ಅಮ್ಮಾ!" ಎಂದು ಅವನು ಗದರಿದ್ದೂ ಕೇಳಿತು.

"ಯಾರದು?" ಶ್ರಾವ್ಯಾ ಕೇಳಿದಳು.

"ಯಾರೂ ಇಲ್ಲ. ರೇಡಿಯೋ."

"ನಿಮ್ಮ ರೇಡಿಯೋಗೆ ನನ್ನ ನಮಸ್ಕಾರ ಹೇಳಿ."

ಅವನಿಗೆ ನಗು ಬಂದದ್ದು ಫೋನಿನಲ್ಲೇ ಗೊತ್ತಾಯಿತು. ಅವಳು ತಟ್ಟನೆ ಮಾತು ಬದಲಿಸಿ ಬೈಯಲು ಶುರುಮಾಡಿದಳು. ಆ ದಿನ ಬೈಯಲು ಕಾರಣವೇನೂ ಇರಲಿಲ್ಲ.

"ಅಲ್ಲಿ ಕೂತು ಎಂತ ತಿಳಿಯತ್ತೆ ನಿಮಗೆ? ಒಂದ್ಸಲ ವ್ಯಾನಲ್ಲಿ ಬನ್ನಿ," ಎಂದು ಅವಳೇ ಹೇಳಿದ್ದು. ಬರುತ್ತಾನೆಂದು ಅಂದುಕೊಂಡಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಆರಕ್ಕೆ ವ್ಯಾನಿನ ಪಕ್ಕ ಇಸ್ತ್ರಿ ಮಾಡಿದ ಶರ್ಟಿನಲ್ಲಿ ನಿಂತಿದ್ದ.

"ಮದುವೆ ಮನೆಗೆ ಹೊರಟಿದೀರಾ?" ಎಂದು ಕೇಳಿ, ಅವನನ್ನು ಕೊನೆಯ ಸೀಟಿಗೆ ಕಳಿಸಿದಳು.

ನಗರ ದಾಟಿ ನಿಟ್ಟೂರಿನ ಕಡೆ ತಿರುಗುವಷ್ಟರಲ್ಲಿ ಇಸ್ತ್ರಿಯ ಶರ್ಟು ಬೆವತು ಒದ್ದೆಯಾಗಿತ್ತು. ಮುಖ ಬಿಳಚಿಕೊಂಡಿತ್ತು. ಡ್ರೈವರ್ ಜಟ್ಟಿಂಗಪ್ಪ ಕನ್ನಡಿಯಲ್ಲಿ ನೋಡಿ ವ್ಯಾನ್ ನಿಲ್ಲಿಸಿದ.

"ಸಾಗರದ ಭಟ್ರಿಗೆ ತಿರುವು ಆಗ್ಬರಲ್ಲ, ಶ್ರಾವ್ಯಮ್ಮ."

ಗಿರಿಧರ ರಸ್ತೆ ಬದಿಗೆ ಓಡಿದ. ತಿರುಗಿ ಬಂದಾಗ ಅವಳು ನೀರಿನ ಬಾಟಲಿಯ ಜೊತೆ ಒಂದು ನಿಂಬೆಹಣ್ಣು ಹಿಡಿದುಕೊಂಡು ನಿಂತಿದ್ದಳು.

"ಮೂಸ್ತಾ ಕೂತ್ಕೊಳ್ಳಿ. ಎರಡು ಕಿಡ್ನಿ ಹೋದ ನನ್ನ ಪೇಷೆಂಟ್‌ಗಳಲ್ಲಿ ಒಬ್ರಿಗೂ ಈ ದಾರೀಲಿ ವಾಂತಿ ಬರಲ್ಲ. ಗಟ್ಟಿಮುಟ್ಟಾದ ನಿಮಗೆ ಬಂತು."

"ಥ್ಯಾಂಕ್ಸ್," ಅಂದ. ನಿಂಬೆಹಣ್ಣು ತೆಗೆದುಕೊಳ್ಳುವಾಗ ಅವನ ತಣ್ಣನೆಯ ಬೆರಳು ಅವಳ ಅಂಗೈಗೆ ತಾಗಿತು. ಅವಳು ಕೈಯನ್ನು ದುಪಟ್ಟಾದ ಅಂಚಿಗೆ ಒರೆಸಿಕೊಂಡಳು. ಎರಡು ಸಲ ಒರೆಸಿಕೊಂಡರೂ ಆ ತಂಪು ಹೋಗಲಿಲ್ಲ. ಮುಂದಿನ ಸೀಟಿನಲ್ಲಿ ಜಾಗ ಮಾಡಿಕೊಟ್ಟಳು. ತಿರುವು ಬಂದಾಗ ಅವನು ಕಣ್ಣು ಮುಚ್ಚಿ ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿದ್ದಾನೆಂಬ ಧೈರ್ಯದಲ್ಲಿ ಅವಳು ನೋಡುತ್ತಿದ್ದಳು. ಕನ್ನಡಿಯೊಂದು ಇದೆ ಎಂಬುದು ಜಟ್ಟಿಂಗಪ್ಪ ಕೆಮ್ಮಿದಾಗ ನೆನಪಾಯಿತು.

ಯಮುನಮ್ಮ ಮನೆಯ ಮೆಟ್ಟಿಲ ಮೇಲೆ ತಯಾರಾಗಿ ಕೂತಿದ್ದರು.

"ಇವರೇ ಕಣಮ್ಮ ಆ್ಯಪ್ ಮಾಡಿದೋರು," ಶ್ರಾವ್ಯಾ ಹೇಳಿದಳು. "ಬೈಯೋದಿದ್ರೆ ಬೈದುಬಿಡಿ."

"ಪಾಪ, ಯಾಕೆ ಬೈಲಿ? ಮುಖ ನೋಡು, ಬಾಣಂತಿ ಮುಖ ಆಗಿದೆ."

ಗಿರಿಧರ ಅವರ ಪಕ್ಕ ಕೂತ. "ಅಮ್ಮಾ, ನೀವು ಬಟನ್ ಒತ್ತೋದು ಎಲ್ಲಿಂದ? ಇಲ್ಲಿ ನೆಟ್‌ವರ್ಕೇ ಇಲ್ಲ."

"ಅಗೋ ಅಲ್ಲಿ, ಆ ಬಂಡೆ ಹತ್ರ ಹೋದ್ರೆ ಒಂದು ಕಡ್ಡಿ ಬರತ್ತೆ. ಒಂದೊಂದ್ಸಲ ಬರಲ್ಲ. ಒತ್ತತೀನಿ, ಗಿರಗಿರ ತಿರಗತ್ತೆ. ತಿರುಗಿದ್ರೆ ಹೋಯ್ತು ಅಂತ ಲೆಕ್ಕ."

ಅವನ ಮುಖದಲ್ಲಿ ಉಳಿದಿದ್ದ ಬಣ್ಣವೂ ಇಳಿಯಿತು. ಶ್ರಾವ್ಯಾ ಅದನ್ನು ಕಂಡಳು.

"ಎಂತ ಆಯ್ತು?"

"ನೆಟ್‌ವರ್ಕ್ ಇಲ್ದೇ ಇದ್ರೆ ಇವರು ಒತ್ತಿದ್ದು ನಮ್ಮವರೆಗೆ ಬರೋದೇ ಇಲ್ಲ. ಬರದೇ ಇದ್ದದ್ದು ಲಾಗಲ್ಲಿ ಬೀಳಲ್ಲ. ತಪ್ಪು ಅಂತಲೂ ಬೀಳಲ್ಲ." ದನಿ ತಗ್ಗಿಸಿದ. "ಇಷ್ಟು ದಿನ ಹಾಕಿದ ಅಲರ್ಟ್‌ಗಳಲ್ಲಿ ಒಂದೂ ಇವರಿಗೆ ಆಗೋದಲ್ಲ."

ಅವಳಿಗೆ ಎರಡು ತಿಂಗಳ ಜಗಳ ಅಷ್ಟೂ ನೀರಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಅನಿಸಿತು.

ಒಳಗೆ ಮೊಮ್ಮಕ್ಕಳ ಗಲಾಟೆ ಜೋರಾಗಿತ್ತು. ಏನೋ ಉರುಳಿತು, ಒಂದು ಮಗು ಅತ್ತಿತು. ಯಮುನಮ್ಮ ತಿರುಗಿಯೂ ನೋಡಲಿಲ್ಲ.

"ನೋಡ್ಬಾರ್ದಾ ಅಮ್ಮಾ?" ಗಿರಿಧರ ಕೇಳಿದ.

"ಸದ್ದು ಮಾಡ್ತಿದ್ರೆ ಭಯ ಇಲ್ಲ ಮಗಾ. ಸದ್ದೇ ಇಲ್ಲ ಅಂದ್ರೆ ಕೈಲಿದ್ದ ಕೆಲಸ ಬಿಟ್ಟು ಓಡ್ಬೇಕು. ಒಂದೋ ಸಕ್ಕರೆ ಡಬ್ಬಿ, ಇಲ್ಲಾ ಬಾವಿ ಕಟ್ಟೆ."

ಗಿರಿಧರ ನಿಂಬೆಹಣ್ಣನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ವ್ಯಾನ್ ಹೊರಟು ನಗರ ಬರುವ ತನಕವೂ ಅದು ತಿರುಗುತ್ತಲೇ ಇತ್ತು. ಅವನಿಗೆ ವಾಂತಿಯ ನೆನಪೇ ಬರಲಿಲ್ಲ.

"ತಿರುಗಾ ಮುರುಗಾ ಮಾಡಿದೀನಿ ನಾನು," ಎಂದ ಕೊನೆಗೆ. "ತಪ್ಪಿನ ಸದ್ದಿಗೆ ಕಾಯ್ತಾ ಕೂತಿದ್ದೆ. ಸದ್ದು ಬರದೇ ಇದ್ದಾಗಲೇ ಅಲರ್ಟ್ ಬರ್ಬೇಕು. ಯಾರ ದಿನ ಯಾವುದು ಅಂತ ಆ್ಯಪಿಗೆ ಗೊತ್ತಿದೆ. ಹಿಂದಿನ ದಿನ ಸಂಜೆ ಆರರೊಳಗೆ ಬರ್ತೀನಿ ಅಂತಲೂ ಇಲ್ಲ, ಬರಲ್ಲ ಅಂತಲೂ ಇಲ್ಲ ಅಂದ್ರೆ, ನಿಮಗೆ ಮೆಸೇಜ್."

"ಎಂತ ಅಂತ?"

"ನೀವೇ ಹೇಳಿ. ಕನ್ನಡ ನಿಮ್ಮ ಖಾತೆ."

ಅವಳು ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು: "ಯಮುನಮ್ಮನ ಸುದ್ದಿ ಇಲ್ಲ. ವಿಚಾರಿಸಿ."

ಇಬ್ಬರಿಗೂ ಸೇರಿದ ಒಂದು ಗ್ರೂಪಿಗೆ ಅಲರ್ಟ್‌ಗಳು ಬರತೊಡಗಿದವು. ಮೊದಲ ವಾರ ಎರಡು ಬಂದವು, ಎರಡೂ ಸರಿಯಾಗಿದ್ದವು. ಅಷ್ಟರಲ್ಲಿ ಶನಿವಾರ ಒಂದು ಜಗಳವಾಯಿತು.

ಹೊಸದಾಗಿ ಬಂದ ಒಬ್ಬ ರೋಗಿಯ ಹೆಂಡತಿ ಶ್ರಾವ್ಯಾಳ ಕೈ ಹಿಡಿದು ಅಳುತ್ತಿದ್ದರು. ಮೇಜಿನ ಮೇಲಿದ್ದ ಫೋನು ಒಂದೇ ಸಮನೆ ಬಡಿದುಕೊಂಡಿತು. ಹನ್ನೆರಡು ಮೆಸೇಜು. 'ಟೆಸ್ಟ್ ರೋಗಿಯ ಸುದ್ದಿ ಇಲ್ಲ. ವಿಚಾರಿಸಿ.' ಆ ಹೆಂಗಸು ಬೆಚ್ಚಿ ಕೈ ಬಿಟ್ಟು, ಕಣ್ಣೊರೆಸಿಕೊಂಡು ಎದ್ದು ಹೋದರು.

"ನಿಮ್ಮ ಟೆಸ್ಟಿಗೆ ನಾನೇ ಸಿಕ್ಕಿದ್ದಾ?" ಶ್ರಾವ್ಯಾ ಫೋನಿನಲ್ಲಿ ಕೂಗಿದಳು. "ಮನುಷ್ಯರ ಜೊತೆ ಕೆಲಸ ಮಾಡಿ ಗೊತ್ತಿದ್ರೆ ತಾನೇ ನಿಮಗೆ!"

"ಟೆಸ್ಟ್ ಮಾಡ್ದೇ ಇದ್ರೂ ಬೈತೀರಿ, ಮಾಡಿದ್ರೂ ಬೈತೀರಿ. ನಿಮಗೆ ಬೇಕಾಗಿರೋದು ಅಲರ್ಟ್ ಅಲ್ಲ, ಬೈಯೋಕೆ ಒಂದು ಜನ."

ಮಾತು ನಾಟಿತು, ಯಾಕೆಂದರೆ ಅದರಲ್ಲಿ ಸ್ವಲ್ಪ ನಿಜವಿತ್ತು. ಅವಳು ಗ್ರೂಪನ್ನು ಮ್ಯೂಟ್ ಮಾಡಲು ಹೋದಳು. ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂದು ಫೋನು ಕೇಳಿತು. ಅವಳ ಕೋಪಕ್ಕೆ ಎಂಟು ಗಂಟೆ ಸಾಲದು ಅನಿಸಿತು. ಒಂದು ವಾರ ಒತ್ತಿದಳು.

ಭಾನುವಾರದ ರಜೆ ಮುಗಿದು ಸೋಮವಾರ ಹನ್ನೊಂದಕ್ಕೆ ಫೋನ್ ಮಾಡಿ, ಬಾಕಿ ಉಳಿದದ್ದನ್ನೂ ಬೈದು ಇಟ್ಟಳು. ಆ ಸಂಜೆ ಅಮ್ಮ ಜಲಜಮ್ಮನ ಜೊತೆ ಕಡುಬಿನ ಹಿಟ್ಟು ಕಲಸುತ್ತಿದ್ದಾಗ ಅವನ ಫೋನು ಬಂತು. ಕತ್ತರಿಸಿದಳು. ಮತ್ತೆ ಬಂತು. ಮತ್ತೆ ಕತ್ತರಿಸಿದಳು.

"ಯಾರೇ ಅದು?" ಜಲಜಮ್ಮ ಕೇಳಿದರು.

"ಜಗಳ ಮುಂದುವರಿಸೋಕೆ ಮಾಡ್ತಿದಾರೆ. ಬಡ್ಕೊಳ್ಳಲಿ."

ಮೂರನೆಯದನ್ನೂ ಕತ್ತರಿಸಿದ ಮೇಲೆ ಬರಲಿಲ್ಲ.

ಮಂಗಳವಾರ ಬೆಳಿಗ್ಗೆ ವ್ಯಾನಿನಿಂದ ರೋಗಿಗಳು ಒಬ್ಬೊಬ್ಬರಾಗಿ ಇಳಿದರು. ಎಲ್ಲರಿಗಿಂತ ಕೊನೆಗೆ ಯಮುನಮ್ಮ. ಶ್ರಾವ್ಯಾ ಕೈಯಲ್ಲಿದ್ದ ಪಟ್ಟಿ ನೋಡಿದಳು. ಆ ಹೆಸರು ಅದರಲ್ಲಿ ಇರಲಿಲ್ಲ.

"ಜಟ್ಟಿಂಗಪ್ಪಣ್ಣ, ಇವರನ್ನ ಹೇಗೆ..."

"ನಿನ್ನೆ ಸಂಜೆ ಸಾಗರದ ಭಟ್ರು ಫೋನ್ ಮಾಡಿದ್ರಲ್ಲ. ಯಮುನಮ್ಮನ ಸುದ್ದಿ ಇಲ್ಲ, ಅರ್ಧ ಗಂಟೆ ಮುಂಚೆ ಹೊರಟು ಮನೆವರೆಗೆ ಹೋಗಿ ನೋಡಿ ಅಂದ್ರು. ಪಾಪ, ಬಂಡೆ ಹತ್ರ ಹೋಗಿ ಒತ್ತಿದ್ರಂತೆ. ಬಂದಿಲ್ಲ ಅದು. ನಿಮಗೆ ಗೊತ್ತಿರ್ಲಿಲ್ವಾ?"

ಅವಳು ಒಳಗೆ ಹೋಗಿ ಗ್ರೂಪ್ ತೆರೆದಳು. 'ಯಮುನಮ್ಮನ ಸುದ್ದಿ ಇಲ್ಲ. ವಿಚಾರಿಸಿ.' ಅರ್ಧ ಗಂಟೆಗೊಂದರಂತೆ ಮೂರು ಸಲ ಬಂದಿತ್ತು. ಕೊನೆಯದರ ಕೆಳಗೆ: 'ವಿಚಾರಿಸಿದೆ. ಗಿರಿಧರ.'

ಅಷ್ಟೇ. ಒಂದು ಚುಚ್ಚು ಮಾತಿಲ್ಲ. 'ನೋಡಿದ್ರಾ' ಎಂದೂ ಕೇಳಿರಲಿಲ್ಲ. ಯಾರು ಓದ್ತಾರೆ ಎಂದು ಅವತ್ತು ಅವನ ಬಾಗಿಲಲ್ಲಿ ನಿಂತು ಕೇಳಿದವಳು ತಾನು. ಓದದೇ ಇದ್ದವಳೂ ತಾನೇ. ಈ ಸಲವೂ ವ್ಯಾನ್ ತಪ್ಪಿದ್ದರೆ ಯಮುನಮ್ಮನಿಗೆ ಗೂಡ್ಸ್ ಆಟೋ ಕೂಡ ಬೇಕಾಗುತ್ತಿರಲಿಲ್ಲವೇನೋ.

ಆ ದಿನ ಹನ್ನೊಂದಕ್ಕೆ ಅವಳು ಫೋನ್ ಮಾಡಲಿಲ್ಲ. ಬುಧವಾರವೂ ಮಾಡಲಿಲ್ಲ. ಬೈಯುವ ಹಕ್ಕು ಕಳೆದುಕೊಂಡ ಮೇಲೆ ಅವನ ಜೊತೆ ಇನ್ನೇನು ಮಾತಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಗುರುವಾರ ಹೋಯಿತು. ಶುಕ್ರವಾರವೂ ಹೋಯಿತು.

ಶನಿವಾರ ಹನ್ನೊಂದು ದಾಟಿ ಹತ್ತು ನಿಮಿಷಕ್ಕೆ ಟ್ರಸ್ಟಿನ ಬಾಗಿಲಲ್ಲಿ ನೆರಳು ಬಿತ್ತು. ಗಿರಿಧರ ಚೌಕಟ್ಟು ಹಿಡಿದು ನಿಂತಿದ್ದ. ಮುಖ ಬಾಣಂತಿ ಮುಖ.

"ಎಂತ ಕೆಲಸ?" ಕೇಳಿದಳು. ದನಿ ಒರಟಾಗಿಯೇ ಬಂತು. ಬೇರೆ ದನಿಯಲ್ಲಿ ಅವನ ಜೊತೆ ಮಾತಾಡಿ ಅಭ್ಯಾಸವಿರಲಿಲ್ಲ.

"ಒಂದು ಅಲರ್ಟ್ ಬಂತು. ವಿಚಾರಿಸೋಕೆ ಬಂದೆ."

"ಮೇಲ್ ಮಾಡಬಹುದಿತ್ತು."

"ಮೇಲ್ ಯಾರು ಓದ್ತಾರೆ?"

ಅವನು ಫೋನನ್ನು ಅವಳ ಮುಂದೆ ಇಟ್ಟ. ಪರದೆಯ ಮೇಲೆ ಅವಳೇ ಕಲಿಸಿದ ಕನ್ನಡ.

'ಶ್ರಾವ್ಯಾಳ ಸುದ್ದಿ ಇಲ್ಲ. ವಿಚಾರಿಸಿ.'

"ಹನ್ನೊಂದು ಕಾಲಾದ್ರೂ ನಿಮ್ಮ ಫೋನ್ ಬರ್ದೇ ಇದ್ರೆ ಅಂತ ಬರೆದಿಟ್ಟಿದ್ದೆ," ಅಂದ. "ವ್ಯಾನಲ್ಲಿ ಬಂದು ಹೋದ ವಾರವೇ. ಮಂಗಳವಾರ ಮೊದಲ ಸಲ ಬಂತು. ಆವತ್ತಿಂದ ಅರ್ಧ ಗಂಟೆಗೊಂದು. ಅಮ್ಮ ಬೇರೆ ಕೇಳಿ ಕೇಳಿ ಸಾಕು ಮಾಡಿದ್ರು."

ಅವಳು ಆ ಸಾಲನ್ನು ಎರಡು ಸಲ ಓದಿದಳು. ತಲೆ ಎತ್ತದೆ ಹೇಳಿದಳು: "ನಾನು ಮ್ಯೂಟ್ ಮಾಡಿದ್ದೆ. ನಿಮ್ಮ ಫೋನನ್ನೂ ಕಟ್ ಮಾಡಿದೆ. ಯಮುನಮ್ಮ..."

"ಯಮುನಮ್ಮ ಚೆನ್ನಾಗಿದಾರೆ. ನಾನು ಲಾಗ್ ಓದ್ದೇ ಇದ್ದಾಗ ನೀವಿದ್ರಿ. ನೀವು ಓದ್ದೇ ಇದ್ದಾಗ ನಾನಿದ್ದೆ. ಇಬ್ಬರಿಗೂ ಹೋಗೋ ಹಾಗೆ ಹಾಕಿದ್ದು ಅದಕ್ಕೇ." ಗೋಡೆಗೆ ಒರಗಿದ. "ಈಗ ಬೈದುಬಿಡಿ. ಐದು ದಿನದ್ದು ಬಾಕಿ ಇದೆ. ನೀವು ಬೈಯ್ದೇ ಇದ್ರೆ ನಂಗೆ ಲಾಗಲ್ಲಿ ಒಂದು ಸಾಲೂ ಓದೋಕಾಗ್ತಿಲ್ಲ."

"ಬುದ್ಧಿ ಇದೆಯಾ ನಿಮಗೆ?" ಅವಳು ಶುರುಮಾಡಿದಳು. "ಬಸ್ ಆಗ್ಬರಲ್ಲ ಅಂತ ಗೊತ್ತಿದ್ದೂ ಸಾಗರದಿಂದ ಇಲ್ಲಿವರೆಗೆ! ಎಲ್ಲಿ ಇಳಿದ್ರಿ ವಾಂತಿಗೆ?"

"ಕೋಣಂದೂರಲ್ಲಿ."

"ಬೆಳಿಗ್ಗೆ ಎಂತ ತಿಂದಿದ್ರಿ?"

"ಎಂತದೂ ಇಲ್ಲ."

"ಖಾಲಿ ಹೊಟ್ಟೇಲಿ ಹೊರಟ್ರೆ ಆಗದೆ ಇನ್ನೆಂತ! ಅಷ್ಟು ದೂರ ಬಂದು ನನ್ನನ್ನ ವಿಚಾರಿಸೋ ಗಂಡಸಿಗೆ ಒಂದು ದೋಸೆ ತಿನ್ನೋಕೆ..." ಅವಳು ಸರಕ್ಕನೆ ಡ್ರಾಯರ್ ಎಳೆದು, ನಿಂಬೆಹಣ್ಣೊಂದನ್ನು ತೆಗೆದು ಅವನ ಕಡೆ ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ. ನಿಂಬೆಹಣ್ಣನ್ನೇ ನೋಡಿದ. ತಾಜಾ ಇತ್ತು.

"ಇದು ಯಾರಿಗೆ ಇಟ್ಟಿದ್ದು?"

"ಪೇಷೆಂಟ್‌ಗಳಿಗೆ."

"ನಿಮ್ಮ ಪೇಷೆಂಟ್‌ಗಳಲ್ಲಿ ಒಬ್ರಿಗೂ ವಾಂತಿ ಬರಲ್ಲ ಅಂದಿದ್ರಿ."

ಈ ಸಲ ಕೆಂಪಾದದ್ದು ಅವಳ ಕಿವಿ. ಅವನು ಅದನ್ನು ಸಾವಕಾಶವಾಗಿ, ತುದಿಯಿಂದ ಪೂರ್ತಿಯಾಗಿ ನೋಡಿದ. ಆಮೇಲೆ ನಿಂಬೆಹಣ್ಣಿನ ಜೊತೆ ಅವಳ ಕೈಯನ್ನೂ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ದುಪಟ್ಟಾಕ್ಕೆ ಒರೆಸಿಕೊಳ್ಳಲೂ ಇಲ್ಲ.

ಮೇಜಿನ ಮೇಲೆ ಅವನ ಫೋನು ನಡುಗಿತು. 'ಶ್ರಾವ್ಯಾಳ ಸುದ್ದಿ ಇಲ್ಲ. ವಿಚಾರಿಸಿ.' ಅವನು ಖಾಲಿಯಿದ್ದ ಕೈಯಿಂದ 'ವಿಚಾರಿಸಿದೆ' ಒತ್ತಲು ಹೋದ.

"ಒತ್ತಬೇಡಿ," ಅಂದಳು ಅವಳು, ಹಳೆಯ ಒರಟು ದನಿಯಲ್ಲಿ. "ಒತ್ತಿದ್ರೆ ನಿಂತುಹೋಗತ್ತೆ."